ಸಿಟ್ಟಿನ ಸರದಿ

ನಮ್ಮ ನೆಲ್ಲಿಕೂರ್ವೆಯಲ್ಲಿ ಯಾರಾದರೂ ಒಂದು ಲೋಟ ಉಪ್ಪುನೀರು ತಂದು ಮುಂದಿಟ್ಟು "ಮೊದಲು ಇದನ್ನ ಕುಡಿ" ಅಂದರೆ, ಏನೋ ಕೆಟ್ಟದ್ದು ಆಗಿದೆ ಅಂತ ತಿಳಿದುಕೊಳ್ಳಬೇಕು. ಸಾವು, ಮುರಿದ ಮದುವೆ, ಮಗುಚಿದ ದೋಣಿ, ಯಾವ ಸುದ್ದಿಯನ್ನೂ ಇಲ್ಲಿ ಬರಿಗೈಯಲ್ಲಿ ಹೇಳುವ ಹಾಗಿಲ್ಲ. ಕೇಳುವವರು ಲೋಟ ಖಾಲಿ ಮಾಡಬೇಕು, ಗೋಡೆಗೆ ಒರಗಬೇಕು, ನಿಧಾನಕ್ಕೆ ಉಸಿರು ಎಳೆದು ಬಿಡಬೇಕು. ಆಮೇಲೆ ಹೇಳುವವರು ಸುತ್ತಿ ಬಳಸಿ, ಮಳೆ ಬೆಳೆ ವಿಚಾರಿಸಿ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಹೇಳಬೇಕು. ಈ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಆದರೆ ಉರಿಯುವ ಹಾಗೂ ಇಲ್ಲವಲ್ಲ.

ಅವತ್ತು ನನ್ನ ಮುಂದೆ ಲೋಟ ಇಟ್ಟವರು ಹಮ್ಮಣ್ಣ ಸರ್. ಅಳಿವೆಯ ದಂಡೆಯಲ್ಲಿರುವ ಸಂಶೋಧನಾ ಕೇಂದ್ರದ ಮುಖ್ಯಸ್ಥರು, ನಮ್ಮೂರಿನವರೇ. ನಾನು ಶೇವಂತಿ, ಅದೇ ಕೇಂದ್ರದ ಮೀನಿನ ವಿಭಾಗದಲ್ಲಿ ಕೆಲಸ ಮಾಡುವವಳು. ಹುಟ್ಟಿದಾಗಿನಿಂದ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಶಾಲೆಯಲ್ಲಿ ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ಅಂಥವಳು ಸಿಟ್ಟು ಮಾಡಿಕೊಂಡರೆ ಸಾಯುವ ಊರಿನಲ್ಲಿ ಹೇಗೆ ಬದುಕಿದ್ದೇನೆ ಅಂತ ನನಗೇ ಆಶ್ಚರ್ಯ.

ಅದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗೋದಿಲ್ಲ.

ಸಮುದ್ರ ಏರಿ ಅಳಿವೆಯ ಬಾವಿಗಳೆಲ್ಲ ಉಪ್ಪಾಗಿದ್ದು ನಾನು ಕಾಲೇಜಿನಲ್ಲಿದ್ದಾಗ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಗಾದೆ ಇದೆ. ನೀರೇ ಉಪ್ಪಾದರೆ ಏನು ಕುಡಿಯಬೇಕು ಅಂತ ಗಾದೆ ಮಾಡಿದವರು ಹೇಳಿಲ್ಲ. ಸಿಹಿನೀರಿನ ಟ್ಯಾಂಕರುಗಳು ಮೊದಲು ದಿನಕ್ಕೊಮ್ಮೆ ಬಂದವು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಚುನಾವಣೆಗೊಮ್ಮೆ. ಆಗ ಬಂದದ್ದು ಈ ಚಿಕಿತ್ಸೆ. ಅದಕ್ಕೊಂದು ಉದ್ದದ ಹೆಸರಿದೆ, ನಾವು ಮೀನುಬಾಯಿ ಅನ್ನುತ್ತೇವೆ.

ಜೀವಕೋಶದ ಒಳಗೆ ಹಾರ್ಮೋನಿಗೋಸ್ಕರ ಕಾದು ಕೂತ ಗ್ರಾಹಕಗಳಿರುತ್ತವೆ. ಬೀಗ ಅಂದುಕೊಳ್ಳಿ. ಹಾರ್ಮೋನು ಕೀಲಿಕೈ. ಕೀಲಿ ಬಿದ್ದ ಕೂಡಲೇ ಬೀಗ ನ್ಯೂಕ್ಲಿಯಸ್ಸಿಗೆ ಹೋಗಿ ಡಿಎನ್ಎ ಮೇಲೆ ಕೂತು, ಯಾವ ಜೀನ್ ಕೆಲಸ ಶುರು ಮಾಡಬೇಕು ಅಂತ ಅಪ್ಪಣೆ ಕೊಡುತ್ತೆ. ಕೋಟ್ಯಂತರ ವರ್ಷಗಳ ಹಿಂದೆ, ದವಡೆಯೂ ಇಲ್ಲದ ಮೀನುಗಳ ಕಾಲದಲ್ಲಿ, ಉಪ್ಪಿಗೂ ಒತ್ತಡಕ್ಕೂ ಸೇರಿ ಇದ್ದದ್ದು ಒಂದೇ ಬೀಗ. ಆಮೇಲೆ ಆ ಜೀನ್ ಎರಡಾಯಿತು. ಎರಡು ಮಕ್ಕಳು ಆಸ್ತಿ ಹಂಚಿಕೊಂಡ ಹಾಗೆ, ಒಂದು ಉಪ್ಪಿನ ಕೆಲಸ ತೆಗೆದುಕೊಂಡಿತು, ಇನ್ನೊಂದು ಹೆದರಿಕೆ, ಹಸಿವು, ಸಿಟ್ಟಿನ ಕೆಲಸ ತೆಗೆದುಕೊಂಡಿತು. ನೆಲಕ್ಕೆ ಹತ್ತಿದ ಪ್ರಾಣಿಗಳಲ್ಲಿ ಈ ಹಂಚಿಕೆ ಇನ್ನೂ ಗಟ್ಟಿಯಾಯಿತು. ಮೀನುಗಳಲ್ಲಿ ಮಾತ್ರ ಕಾರ್ಟಿಸಾಲ್ ಅನ್ನುವ ಒಂದೇ ಕೀಲಿ ಇವತ್ತಿಗೂ ಎರಡೂ ಕೆಲಸ ನೋಡುತ್ತೆ. ಹೊಳೆಯ ಮೀನು ಸಮುದ್ರಕ್ಕಿಳಿದರೆ ಕಾರ್ಟಿಸಾಲ್ ಏರುತ್ತೆ, ಕಿವಿರು ಉಪ್ಪನ್ನು ಹೊರಗೆ ತಳ್ಳುತ್ತೆ.

ವಿಜ್ಞಾನಿಗಳು ದವಡೆಯಿಲ್ಲದ ಲ್ಯಾಂಪ್ರೆ ಮೀನು, ತೊರಕೆ ಮೀನು, ಶಾರ್ಕ್, ಕಪ್ಪೆ, ಮನುಷ್ಯ, ಎಲ್ಲರ ಬೀಗಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹಾಗಾದರೆ ಮೂಲದ ಬೀಗ ಹೀಗಿರಬೇಕು ಅಂತ ಲೆಕ್ಕ ಹಾಕಿ ಅದನ್ನೇ ಕಟ್ಟಿದರು. ಕಿವಿರಿನ ಉಪ್ಪು ತಳ್ಳುವ ಜೀನುಗಳ ಜೊತೆ ಅದನ್ನು ನಮ್ಮ ಬಾಯಿಯ ಒಳಪದರಕ್ಕೆ ಸೇರಿಸಿದರು. ಈಗ ಬಾವಿಯ ನೀರನ್ನೇ ಕುಡಿಯುತ್ತೇವೆ. ಹೆಚ್ಚಿನ ಉಪ್ಪು ಬಾಯಿಂದ ಜೊಲ್ಲಾಗಿ ಬರುತ್ತೆ, ಉಗುಳುತ್ತೇವೆ. ಪ್ರತಿ ಮನೆಯ ಜಗುಲಿಯಲ್ಲೂ ಉಗುಳುವ ತಂಬಿಗೆ ಇದೆ, ನೆಂಟರಿಗೆ ಬೇರೆ ತಂಬಿಗೆ.

ಇದೆಲ್ಲ ಸರಿ. ಆದರೆ ಮನುಷ್ಯನಿಗೆ ಸಿಟ್ಟು ಬಂದರೂ ಏರುವುದು ಅದೇ ಕಾರ್ಟಿಸಾಲ್ ಅನ್ನುವುದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಬೀಗಕ್ಕೇನು ಗೊತ್ತು, ಉಪ್ಪು ಹೆಚ್ಚಾಯಿತೋ, ಪಕ್ಕದ ಮನೆಯವನು ಬೇಲಿ ಒತ್ತಿದನೋ ಅಂತ. ಸಿಟ್ಟು, ಹೆದರಿಕೆ, ದುಃಖ ಯಾವುದು ಬಂದರೂ ಅದು ತೆರೆಯುತ್ತೆ, ಮೈಯ ಉಪ್ಪೆಲ್ಲ ಬಾಯಿಂದ ಸುರಿಯುತ್ತೆ, ಕೈಕಾಲು ಸೆಟೆಯುತ್ತೆ, ಎದೆಬಡಿತ ತಪ್ಪುತ್ತೆ. ಮೊದಲ ವರ್ಷ ಜನ ಸತ್ತದ್ದು ನೀರಿನಿಂದಲ್ಲ, ಜಗಳದಿಂದ. ಅಲ್ಲಿಂದ ನಮ್ಮೂರು ತಣ್ಣಗಾಯಿತು, ಸುರಿದು ಹೋಗುವ ಉಪ್ಪನ್ನು ಮೊದಲೇ ತುಂಬಿಕೊಳ್ಳಲು ಲೋಟದ ಪದ್ಧತಿ ಬಂತು. ಘಟ್ಟದ ಮೇಲೆ ಹೋಗಿ ಇರೋಣ ಅಂತ ಹೊರಟವರು ಬಸ್ ಸ್ಟ್ಯಾಂಡಿನ ಗದ್ದಲಕ್ಕೇ ಬಿದ್ದು ವಾಪಸ್ ಬಂದರು. ನಮ್ಮನ್ನು ಕಟ್ಟಿಹಾಕಲು ಯಾವ ಬೇಲಿಯೂ ಬೇಕಾಗಲಿಲ್ಲ, ಒಂದು ಲಾರಿಯ ಹಾರ್ನ್ ಸಾಕಿತ್ತು.

ಊರಿಗೆ ಊರೇ ಸಹಿಸಿಕೊಂಡದ್ದು ಒಂದು ನಂಬಿಕೆಯಿಂದ. ಕೇಂದ್ರದಲ್ಲಿ ವಾಪಸಾತಿ ಅಂತ ಒಂದು ವಿಭಾಗ ಇತ್ತು. ಹಳೇ ಬೀಗ ತೆಗೆದು ಮನುಷ್ಯನ ಬೀಗವನ್ನೇ ಮತ್ತೆ ಕೂರಿಸುವುದು ಅವರ ಕೆಲಸ. ಇವತ್ತಲ್ಲ ನಾಳೆ ಆಗುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು. ಮೀನಿನ ವಿಭಾಗದಲ್ಲಿ ಕೂತ ನಾನೂ ಅದನ್ನೇ ನಂಬಿದ್ದೆ, ಯಾಕೆಂದರೆ ನನ್ನ ಮಗಳು ಮುಕ್ತಾಳಿಗೆ ಐದು ತುಂಬುವುದಿತ್ತು. ಯಂತ್ರದಲ್ಲಿ ಶೋಧಿಸಿದ ಸಿಹಿನೀರು ಐದು ವರ್ಷದ ಒಳಗಿನ ಮಕ್ಕಳಿಗೆ ಮಾತ್ರ ಸಿಗುತ್ತೆ. ಐದು ತುಂಬಿದ ಮೇಲೆ ಮೀನುಬಾಯಿ. ಬರುವ ಭಾನುವಾರ ನಮ್ಮ ಅಂಗಳದಲ್ಲೇ ಅವಳಿಗೂ ಇನ್ನು ನಾಲ್ಕು ಮಕ್ಕಳಿಗೂ ಶಾಸ್ತ್ರ ಇತ್ತು.

ಹಮ್ಮಣ್ಣ ಸರ್ ಲೋಟ ಇಟ್ಟದ್ದು ಅದಕ್ಕೆ ಮೂರು ದಿನ ಮುಂಚೆ. ನಾನು ಕುಡಿದೆ. ಅವರು ತೊಟ್ಟಿಯಲ್ಲಿದ್ದ ಕಾಣೆ ಮೀನಿನ ಆರೋಗ್ಯ ವಿಚಾರಿಸಿದರು, ನನ್ನ ಅತ್ತೆಯ ಮಂಡಿನೋವು ವಿಚಾರಿಸಿದರು. ಆಮೇಲೆ ವಾಪಸಾತಿ ವಿಭಾಗವನ್ನು ಮುಚ್ಚುತ್ತಿದ್ದಾರೆ ಅಂದರು. ಕೆಲಸ ಮುಗಿಯಿತಾ ಅಂತ ಕೇಳಿದೆ. ಒಂದು ರೀತಿಯಲ್ಲಿ ಮುಗಿದ ಹಾಗೆಯೇ ಅಂದರು. ಕಡ್ಡಿ ಮುರಿದ ಹಾಗೆ ಹೇಳಿ ಸರ್ ಅಂತ ಬೇಡಿಕೊಂಡ ಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು.

ಮನುಷ್ಯನ ಬೀಗವನ್ನು ಮತ್ತೆ ಕೂರಿಸಿದ ಕೋಶಗಳೆಲ್ಲ ಸತ್ತಿವೆ. ಈ ಸಲ ಮಾತ್ರ ಅಲ್ಲ, ಪ್ರತಿ ಸಲವೂ. ಹಳೇ ಬೀಗ ಒಂದು ಸಲ ಕೂತರೆ ಅದರ ಸುತ್ತ ಸಣ್ಣಪುಟ್ಟ ಬದಲಾವಣೆ ಸೇರುತ್ತಾ ಹೋಗುತ್ತೆ. ಅದರಿಂದ ಆ ಬೀಗಕ್ಕೇನೂ ತೊಂದರೆ ಇಲ್ಲ. ಆದರೆ ಮನುಷ್ಯನ ಬೀಗವನ್ನು ಮತ್ತೆ ತಂದು ಕೂರಿಸಹೋದರೆ ಚೌಕಟ್ಟೇ ಬಾಗಿಹೋಗಿದೆ, ಅದು ಕೂರೋದಿಲ್ಲ. ಸೃಷ್ಟಿಯಲ್ಲೂ ಹಾಗೆಯೇ ಅಂದರು. ತಿಮಿಂಗಿಲ ನೆಲ ಬಿಟ್ಟು ಸಮುದ್ರಕ್ಕೆ ವಾಪಸ್ ಹೋಯಿತು, ಆದರೆ ಅದಕ್ಕೆ ಮೀನಿನ ಬೀಗ ವಾಪಸ್ ಸಿಗಲಿಲ್ಲ.

"ಹಾಗಾದರೆ ಎಂದಿಗೂ ಆಗೋದಿಲ್ಲ?"

"ಎಂದಿಗೂ ಅನ್ನೋ ಮಾತು ನಾನು ಆಡಬಾರದು ಶೇವಂತಿ. ನನ್ನ ಎದೆ ಅಷ್ಟು ಗಟ್ಟಿ ಇಲ್ಲ."

ನಾನು ಏನು ಮಾಡಿದೆ ಗೊತ್ತಾ? ಆಗಲಿ ಸರ್ ಅಂದೆ. ಕುಡಿದ ಉಪ್ಪುನೀರು ಹೊಟ್ಟೆಯಲ್ಲಿ ತಣ್ಣಗಿತ್ತು, ಉಸಿರು ನಿಧಾನವಾಗಿತ್ತು, ಇಷ್ಟು ವರ್ಷದ ಅಭ್ಯಾಸ ಬೇರೆ. ನನ್ನ ಮಗಳ ಬದುಕಿನ ಬಾಗಿಲು ಮುಚ್ಚಿದ ಸುದ್ದಿಗೆ ಆಗಲಿ ಸರ್ ಅಂದು, ಹೋಗಿ ಮೀನಿಗೆ ಮೇವು ಹಾಕಿದೆ.

ಮನೆ ಹತ್ತಿರ ಬಂದಾಗ ಮುಕ್ತಾ ಕಿರುಚುವುದು ದಾರಿಗೇ ಕೇಳುತ್ತಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವಾ, ಇನ್ನೇನಾಗುತ್ತಾಳೆ. ಬಂಗಡೆ ಮೀನಿನ ತಲೆ ತನಗೆ ಹಾಕಲಿಲ್ಲ ಅಂತ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಬೇಲಿಯ ಆಚೆ ಅಕ್ಕಪಕ್ಕದವರು ಎಂಟು ಹತ್ತು ಜನ ನಿಂತಿದ್ದರು. ಅವಳು ಹಟ ಶುರು ಮಾಡಿದರೆ ಯಾವಾಗಲೂ ಹಾಗೆಯೇ, ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಕೆಲವರು ತಿಂಡಿ ತೋರಿಸಿ ಕೊಡದೆ ಇನ್ನಷ್ಟು ರೇಗಿಸುತ್ತಾರೆ. ನಮಗಿಲ್ಲದ ಭಾಗ್ಯ ಕಣೇ, ಕಣ್ಣಲ್ಲಾದರೂ ನೋಡೋಣ ಅಂತ ಅತ್ತೆ ವೆಂಕಮ್ಮ ಅವರಿಗೆ ಕೂರಲು ಚಾಪೆ ಹಾಕುತ್ತಾರೆ. ಮೊದಲೆಲ್ಲ ನನಗೂ ನಗು ಬರುತ್ತಿತ್ತು. ಅವತ್ತು ನೋಡಿದರೆ, ಭಾನುವಾರದ ಮೇಲೆ ಈ ಕೂಗು ಇರೋದಿಲ್ಲ ಅಂತ ಅನಿಸಿ ಬಾಯಲ್ಲಿ ಉಪ್ಪು ತುಂಬಿಕೊಂಡಿತು. ತಂಬಿಗೆ ಹುಡುಕಿ ಉಗುಳಿದೆ.

ಗಂಡ ಬೊಮ್ಮಯ್ಯ ಅಳಿವೆ ಬದಿಯ ಗಜನಿ ಗದ್ದೆಯ ಕಟ್ಟೆ ಕೆಲಸದಿಂದ ಬಂದ ಮೇಲೆ ಅವನಿಗೆ ಹೇಳಲು ಕೂತೆ. ಪದ್ಧತಿ ಪ್ರಕಾರವೇ ಲೋಟ ಕೊಟ್ಟೆ, ಕುಡಿದ. ಗೋಡೆಗೆ ಒರಗಿದ. ಈಗ ವಾಪಸಾತಿ ಆಗೋದಿಲ್ಲವಂತೆ ಅಂದೆ. ಅವನು ಕಣ್ಣು ಮುಚ್ಚಿ ತಲೆ ಆಡಿಸಿ, ಈಗ ಆಗದಿದ್ದರೆ ಇನ್ನು ಸ್ವಲ್ಪ ಸಮಯ ಹಿಡಿಯುತ್ತೆ ಅಂತ ಅರ್ಥ, ಕೂಸು ದೊಡ್ಡದಾಗುವ ಹೊತ್ತಿಗೆ ಆದರೆ ಸಾಕು ಅಂದ. ಹಾಗಲ್ಲ ಮಾರಾಯ, ಆಗೋದೇ ಇಲ್ಲ ಅಂದೆ. ನೀನು ಸಣ್ಣದಿರುವಾಗಲೂ ಎಲ್ಲವನ್ನೂ ಆಗೋದೇ ಇಲ್ಲ ಅಂತಿದ್ದೆಯಂತೆ, ನಿನ್ನ ಆಯಿ ಹೇಳಿದ್ದಾರೆ ಅಂತ ನಕ್ಕು ನನ್ನ ಬೆನ್ನು ಸವರಿದ. ಅವನು ಒಳ್ಳೆಯವನು. ಒಳ್ಳೆಯವರ ಜೊತೆ ಜಗಳ ಆಡುವುದು ಎಷ್ಟು ಕಷ್ಟ ಅಂತ ಮದುವೆಯಾದವರಿಗೆ ಗೊತ್ತಿರುತ್ತೆ.

ಮರುದಿನ ಬೆಳಿಗ್ಗೆ ಅತ್ತೆ ದೋಸೆ ಹೊಯ್ಯುತ್ತಾ, "ಇನ್ನು ಎರಡು ವರ್ಷಕ್ಕೆ ಆಗ್ತದಂತಲ್ಲೇ, ಬೊಮ್ಮು ಹೇಳ್ದ, ನೀನೇ ಸುದ್ದಿ ತಂದೆಯಂತೆ" ಅಂದರು. ಹಿಗ್ಗಿನಿಂದ ಅಂದರು. ಮಧ್ಯಾಹ್ನದೊಳಗೆ ಅದು ನೆರೆಮನೆಯಲ್ಲಿ ಒಂದು ವರ್ಷವಾಯಿತು. ಸಂಜೆ ಆರೋಗ್ಯ ಕೇಂದ್ರದ ನರ್ಸ್ ಸುಮನ, ಬೊಮ್ಮಯ್ಯನ ಚಿಕ್ಕಪ್ಪನ ಮಗಳು, ದಾರಿಯಲ್ಲಿ ಸಿಕ್ಕಿ, ದೀಪಾವಳಿ ಹೊತ್ತಿಗೆ ವಾಪಸಾತಿ ಶುರುವಂತೆ, ನಿಮ್ಮ ಕೇಂದ್ರದವರೇ ಹೇಳಿದ್ದಂತೆ, ಕಂಗ್ರಾಜುಲೇಷನ್ಸ್ ಅತ್ತಿಗೆ ಅಂದಳು.

ನಾನು ದಾರಿಯಲ್ಲೇ ನಿಂತುಬಿಟ್ಟೆ. ಯಾರೂ ಸುಳ್ಳು ಹೇಳಿಲ್ಲ. ನನ್ನ ಬಾಯಿಂದ ಹೊರಟ ಮಾತನ್ನು ಒಬ್ಬೊಬ್ಬರೂ ಕೇಳುವವರ ಎದೆ ನೋಯದಿರಲಿ ಅಂತ ಒಂಚೂರು ಮೆತ್ತಗೆ ಮಾಡಿದ್ದಾರೆ, ಅಷ್ಟೇ. ಹಮ್ಮಣ್ಣ ಸರ್ ಪ್ರತಿ ಸಲ ಮೇಲಿನ ಕಚೇರಿಗೆ ಹೇಳಿದ್ದೂ ಹಾಗೆಯೇ ಮೆತ್ತಗಾಗಿ ಊರಿಗೆ ಬಂದಿರಬೇಕು. ಕಳೆದ ವರ್ಷ ಮೀನುಬಾಯಿ ಮಾಡಿಸಿಕೊಂಡ ಮಕ್ಕಳೂ, ಅದರ ಹಿಂದಿನ ವರ್ಷದವರೂ, ಅವರ ಅಪ್ಪ ಅಮ್ಮ ಎಲ್ಲರೂ ಒಂದೇ ವರ್ಷದ ಮಾತಲ್ಲವಾ ಅಂತಲೇ ಒಪ್ಪಿದ್ದು. ಪ್ರೀತಿಯಿಂದಲೇ ನಾವು ನಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಹಾಕಿ ಕದ ಹಾಕಿಕೊಂಡು ಬಂದಿದ್ದೇವೆ. ಇದು ಹೊಳೆದಾಗ ನನಗೆ ಅಳು ಬಂತು, ಅಳುವುದು ನಿಲ್ಲಿಸಲು ಅಲ್ಲೇ ಕಲ್ಲಿನ ಮೇಲೆ ಕೂತು ಉಸಿರು ಎಣಿಸಿದೆ.

ಭಾನುವಾರ ಅಂಗಳಕ್ಕೆ ಚಪ್ಪರ ಹಾಕಿದ್ದರು. ಐದು ಮಕ್ಕಳಿಗೂ ಹೊಸ ಬಟ್ಟೆ. ಮುಕ್ತಾ ಮಣೆಯ ಮೇಲೆ ಕೂರಲು ಒಪ್ಪದೆ ಆಗಲೇ ಎರಡು ಸಲ ಸುಮನಳ ಕೈ ಕಚ್ಚಿದ್ದಳು. ಸುಮನ ತಣ್ಣನೆಯ ಪೆಟ್ಟಿಗೆಯಿಂದ ಔಷಧದ ಸೀಸೆ ತೆಗೆದಳು. ನಾನು ಎದ್ದು ನಿಂತು, ಒಂದು ಮಾತು ಹೇಳಬೇಕು ಅಂದೆ.

ನನ್ನ ಮುಖ ನೋಡಿಯೇ ಅತ್ತೆಗೆ ಗೊತ್ತಾಯಿತು. ಎಲ್ಲರಿಗೂ ಲೋಟ ಕೊಡಿ ಅಂತ ಒಳಗೆ ಕೂಗಿದರು. ಹೆಂಗಸರು ತಟ್ಟೆಯಲ್ಲಿ ಲೋಟ ಜೋಡಿಸಿ ತಂದರು. ನಾನು ಯೋಚನೆ ಮಾಡಿದೆ. ಕೊಟ್ಟರೆ ಎಲ್ಲರೂ ಕುಡಿಯುತ್ತಾರೆ, ಒರಗುತ್ತಾರೆ, ಕೇಳುತ್ತಾರೆ, ಆಗಲಿ ಅನ್ನುತ್ತಾರೆ. ಕೊಡದಿದ್ದರೆ ಯಾರಾದರೂ ಸಾಯಬಹುದು. ಅತ್ತೆಯೇ ಸಾಯಬಹುದು. ನಾನು ಹೆದರಿದೆ, ಸುಳ್ಳು ಯಾಕೆ ಹೇಳಲಿ. ಆದರೂ ತಟ್ಟೆ ಕಸಿದು ನೆಲಕ್ಕೆ ಬೋರಲು ಹಾಕಿದೆ.

"ಯಾರೂ ಕುಡೀಬೇಡಿ. ಹಾಗೇ ಕೇಳಿ. ಮೀನುಬಾಯಿ ಮಾಡಿದ ಮೇಲೆ ವಾಪಸ್ ಬರುವ ದಾರಿ ಇಲ್ಲ. ಈ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ. ನಾವು ಸಾಯುವ ತನಕ ಹೀಗೆಯೇ. ಇವತ್ತು ಮಾಡಿಸಿದರೆ ಈ ಮಕ್ಕಳೂ ಸಾಯುವ ತನಕ ಹೀಗೆಯೇ."

ಕಳೆದ ವರ್ಷ ಮಗನಿಗೆ ಮಾಡಿಸಿದ್ದ ಒಬ್ಬಳು ತನ್ನ ಹುಡುಗನನ್ನು ಎಳೆದು ಮಡಿಲಲ್ಲಿ ಅವುಚಿಕೊಂಡಳು. ಆ ಹುಡುಗ ಚಪ್ಪರದ ಕಂಬದ ಹಾಗೆ ಸುಮ್ಮನಿದ್ದ. ಆಮೇಲೆ ಒಂದು ದನಿ ಕೇಳಿತು, ಅಂಥ ದನಿ ನಮ್ಮೂರಲ್ಲಿ ಕೇಳಿ ಬಹಳ ಕಾಲವಾಗಿತ್ತು. ನನ್ನ ಬೊಮ್ಮಯ್ಯ ಕೂಗುತ್ತಿದ್ದ. "ಯಾರು ಹೇಳಿದ್ದು ಒಂದು ವರ್ಷ ಅಂತ? ಯಾರವ? ನನ್ನ ಮಗಳಿಗೆ..." ಅಷ್ಟೇ. ಬಾಯಿಂದ ನೀರು ಧಾರೆಯಾಗಿ ಇಳಿಯಿತು, ಕುತ್ತಿಗೆ ಸೆಟೆಯಿತು, ಕುಕ್ಕರಿಸಿದ. ಅವನ ಹಿಂದೆ ಇನ್ನೂ ಹಲವರು ಎದ್ದರು, ಕೂಗಿದರು, ಬಿದ್ದರು. ಸುಮನ ಸೀಸೆ ಬಿಟ್ಟು ಉಪ್ಪಿನ ಡ್ರಿಪ್ ಹಿಡಿದು ಓಡಿದಳು.

ಬೊಮ್ಮಯ್ಯ ಬದುಕಿದ. ಆದರೆ ಎದೆಬಡಿತ ಹಳಿ ತಪ್ಪಿದ್ದು ಪೂರ್ತಿ ಸರಿಯಾಗಲಿಲ್ಲ. ಇನ್ನೊಮ್ಮೆ ಸಿಟ್ಟು ಬಂದರೆ ಉಳಿಯೋದಿಲ್ಲ ಅಂತ ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ನಾನು ಅವನ ಕೈ ಹಿಡಿದುಕೊಂಡು ಕೂತಿದ್ದಾಗ, ಮೊದಲೇ ಲೋಟ ಇಲ್ಲದೆ ಹೇಳಬೇಕಿತ್ತು ನೀನು ನಂಗೆ, ಅಂದ. ನನಗೆ ಅಳು ಬಂತು. ಅವನೇ ನನಗೆ ನೀರು ಕುಡಿಸಿದ.

ಮಕ್ಕಳಿಗೆ ಮೀನುಬಾಯಿ ಆಗಲಿಲ್ಲ. ಹಾಗಾದರೆ ಅವರು ಕುಡಿಯುವುದು ಏನನ್ನು? ಐದು ತುಂಬಿತು ಅಂತ ಸಿಹಿನೀರು ನಿಂತಿತ್ತು. ಐದು ತುಂಬದ ಮಕ್ಕಳಿರುವವರು ತಮ್ಮ ಪಾಲಿನಲ್ಲಿ ಮೂರು ಕೊಡ ತಂದುಕೊಟ್ಟರು, ಅದೆಷ್ಟು ದಿನ? ಎಲ್ಲರೂ ಸೇರಿ ನೀರಿನ ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿ ಘಟ್ಟದ ಮೇಲಿನಿಂದ ಬಂದವನು, ಮೀನುಬಾಯಿ ಇಲ್ಲದವನು. ದೊಡ್ಡ ಯಂತ್ರ ಹಾಕಲು ಕರೆಂಟ್ ಇಲ್ಲ ಅಂದ, ನಿಮ್ಮ ಅರ್ಜಿ ಮೇಲಕ್ಕೆ ಕಳಿಸುತ್ತೇನೆ ಅಂದ. ನಾವು ಒಟ್ಟಿಗೆ ಕೂಗಿದೆವು. ಸ್ವಲ್ಪ ಹೊತ್ತಿಗೆ ಒಟ್ಟಿಗೇ ಬಿದ್ದೆವು. ಅವನು ಫ್ಯಾನ್ ಜೋರು ಮಾಡಿಸಿ, ನಮ್ಮೆಲ್ಲರಿಗೂ ಉಪ್ಪುನೀರು ತರಿಸಿಕೊಟ್ಟು, ನಮ್ಮದೇ ಆಂಬುಲೆನ್ಸಿನಲ್ಲಿ ನಮ್ಮನ್ನು ಮನೆಗೆ ಕಳಿಸಿದ. ನಿಮಗೆ ಜಗಳ ಒಗ್ಗೋದಿಲ್ಲ ಅಂತ ಗೊತ್ತಿದ್ದೂ ಯಾಕೆ ಬರ್ತೀರಿ ಅಂತ ಮರುಕದಿಂದಲೇ ಕೇಳಿದ. ಅವನ ಮರುಕ ಕಂಡು ನಾನು ಇನ್ನೊಮ್ಮೆ ಬೀಳುವುದರಲ್ಲಿದ್ದೆ.

ಮನೆಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ಅತ್ತೆ ಬಾಯಿ ಬಿಟ್ಟರು. ಗಜನಿಯ ಕಟ್ಟೆ ಒಡೆದು ಸಮುದ್ರದ ಉಬ್ಬರ ಗದ್ದೆಗೆ ನುಗ್ಗಿದಾಗ ನಾವೇನು ಮಾಡುತ್ತೇವೆ ಅಂತ ಕೇಳಿದರು. ಒಡಕಿನಲ್ಲಿ ಎದೆಮಟ್ಟ ನೀರಿಗೆ ಒಬ್ಬ ಇಳಿದು ಮೈಯನ್ನೇ ಅಡ್ಡ ಇಡುತ್ತಾನೆ. ಅವನು ಮರಗಟ್ಟುವ ಹೊತ್ತಿಗೆ ಇನ್ನೊಬ್ಬ ಇಳಿಯುತ್ತಾನೆ. ಹಿಂದಿನವರು ಅಷ್ಟರಲ್ಲಿ ಮಣ್ಣು ತುಂಬುತ್ತಾರೆ.

"ಎಲ್ಲರೂ ಒಟ್ಟಿಗೆ ಇಳಿದ್ರೆ ಎಲ್ಲರೂ ಒಟ್ಟಿಗೆ ಕೊಚ್ಚಿ ಹೋಗೂದು. ಇಷ್ಟೂ ತಿಳೀದೇ ನಿಮಗೆ?"

ಈಗ ನಾವು ಸರದಿ ಹಿಡಿದಿದ್ದೇವೆ. ಕಚೇರಿ ತೆರೆಯುವ ಹೊತ್ತಿಗೆ ಮೊದಲನೆಯವರು ಒಳಗೆ ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತು ಸಿಟ್ಟು ಮಾಡುತ್ತಾರೆ, ಮೈಯಲ್ಲಿ ಉಪ್ಪಿರುವಷ್ಟು ಹೊತ್ತು. ಸುಮನ ನಾಡಿ ನೋಡುತ್ತಾ ಪಕ್ಕದಲ್ಲಿರುತ್ತಾಳೆ. ಅವಳು ಭುಜ ಮುಟ್ಟಿದರೆ ಸಾಕು, ಹೊರಗೆ ಬಂದು ಜಗುಲಿಯಲ್ಲಿ ಮಲಗಬೇಕು. ಮುಂದಿನವರು ಒಳಗೆ ಹೋಗಿ, ಹಿಂದಿನವರು ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಾರೆ. ಹಮ್ಮಣ್ಣ ಸರ್ ಮೊದಲ ದಿನ ಒಳಗೆ ಹೋಗಿ ಆಗೋದಿಲ್ಲ, ಎಂದಿಗೂ ಆಗೋದಿಲ್ಲ ಅಂತ ಮಾತ್ರ ಕೂಗಿ ಬಂದು ಮಲಗಿದರು. ಅತ್ತೆಯ ಸರದಿಯಲ್ಲಿ ಬರುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೊಮ್ಮಯ್ಯ ಒಳಗೆ ಹೋಗುವ ಹಾಗಿಲ್ಲ, ಹೊರಗೆ ಕೂತು ಎಲ್ಲರಿಗೂ ನೀರು ಕುಡಿಸುತ್ತಾನೆ. ಮೇಜಿನ ಸುತ್ತಲಿನ ನೆಲ ಉಪ್ಪಿನಿಂದ ಬೆಳ್ಳಗಾಗಿದೆ. ಅಧಿಕಾರಿ ಆರು ತಿಂಗಳ ಮಟ್ಟಿಗೆ ಮಕ್ಕಳ ನೀರು ಬಿಟ್ಟಿದ್ದಾನೆ. ಯಂತ್ರ ಬರುವ ತನಕ ನಾವು ಸರದಿ ಬಿಡೋದಿಲ್ಲ. ನಾವು ಇಲ್ಲಿಂದ ಹೊರಗೆ ಹೋಗುವವರಲ್ಲ, ಅದು ನನಗೆ ಗೊತ್ತು. ಮುಕ್ತಾ ಹೋಗಬಹುದು.

ಮೊನ್ನೆ ನನ್ನ ಸರದಿಗೆ ಕಾದು ನಿಂತಿದ್ದೆ. ಮುಕ್ತಾ ಕೈ ಹಿಡಿದು ಎಳೆಯುತ್ತಿದ್ದಳು, ಮನೆಗೆ ಹೋಗೋಣ ಅಂತ ಹಟ. ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಕೂಗುವುದನ್ನೂ, ಬಂದು ಮಲಗುವುದನ್ನೂ ನೋಡಿ ನೋಡಿ ಕೊನೆಗೆ ಕೇಳಿದಳು.

"ಆಯಿ, ನನ್ನ ಸರದಿ ಯಾವಾಗ?"

"ನಿಂಗೆ ಸರದಿ ಇಲ್ಲ ಮಗಾ. ನೀನು ಯಾವಾಗ ಬೇಕಾದ್ರೂ ಕೂಗು, ಎಷ್ಟೊತ್ತು ಬೇಕಾದ್ರೂ ಕೂಗು."

ಅವಳು ಅಲ್ಲೇ ನೆಲಕ್ಕೆ ಬಿದ್ದು ಕೂಗತೊಡಗಿದಳು. ಯಾರೂ ನೋಡಲು ಬಂದು ನಿಲ್ಲಲಿಲ್ಲ, ಸಾಲು ಬಿಡುವ ಹಾಗಿರಲಿಲ್ಲ. ಸುಮನ ಬಾಗಿಲಿಂದ ನನ್ನ ಹೆಸರು ಕರೆದಳು, ನಾನು ಒಳಗೆ ಹೋದೆ.